ಬಚ್ಚಲ ಬಾಗಿಲಿನ ಬಕೆಟ್ ಸಾಲು

ನನ್ನ ತಮ್ಮನ ಸೊಸೆ ಶ್ವೇತಾ ವಾಮಂಜೂರಿನಲ್ಲಿ ಮನೆಯ ಮಹಡಿಯ ಮೇಲೆ ಆರು ಕೋಣೆ ಕಟ್ಟಿಸಿದ್ದಾಳೆ. ನಾನು ಲಂಗ ಎತ್ತಿ ಕಟ್ಟಿ ಭತ್ತದ ನೇಜಿ ನೆಟ್ಟ ಗದ್ದೆಯಲ್ಲಿ ಈಗ ಕಾಲೇಜು ಉಂಟು. ಕಾಲೇಜು ಬಂದ ಮೇಲೆ ಹೊರಗಿನ ಹೆಣ್ಣುಮಕ್ಕಳು ಬರುತ್ತಾರೆ, ಬಂದವರಿಗೆ ಊಟ ಮತ್ತು ಮಂಚ ಬೇಕು. ಮೊನ್ನೆ ಫೋನು ಮಾಡಿ, ಹಾಸಿಗೆ ಹತ್ತಿಯದ್ದು ಒಳ್ಳೆಯದೋ ಸ್ಪಂಜಿನದ್ದೋ ಎಂದು ಕೇಳಿದಳು. ಹಾಸಿಗೆಯ ವಿಷಯ ಅಂಗಡಿಯವನು ಹೇಳುತ್ತಾನೆ. ಅಂಗಡಿಯವನು ಹೇಳದ್ದನ್ನು ನಾನು ಬರೆದು ಕೊಡುತ್ತೇನೆ ಎಂದೆ. ಅವಳು ನಕ್ಕಳು. ನಗಲಿ, ಮೊದಲ ವರ್ಷ ಎಲ್ಲರೂ ನಗುತ್ತಾರೆ.

ಅತ್ತಾವರದ ನಮ್ಮ ಮನೆಯ ಮಹಡಿಯಲ್ಲಿ ಓದುವ ಹುಡುಗಿಯರನ್ನು ಇಟ್ಟುಕೊಂಡು ಇಪ್ಪತ್ತಮೂರು ವರ್ಷ ಊಟ ಹಾಕಿದವಳು ನಾನು. ಹೆಚ್ಚಿನವರೆಲ್ಲ ಆಸ್ಪತ್ರೆಗೆ ಸಂಬಂಧಪಟ್ಟದ್ದನ್ನು ಓದುವವರು: ನರ್ಸಿಂಗು, ಲ್ಯಾಬು, ಫಿಸಿಯೋಥೆರಪಿ, ಹೆಸರು ನನ್ನ ನಾಲಿಗೆಗೆ ಹೊರಳದ ಇನ್ನೂ ಕೆಲವು. ಸರ್ಕಾರಿ ಕೆಲಸದವರಿಗೆ ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಉಂಟು. ನನಗೆ ಹೋದ ವರ್ಷ ಮೊಣಕಾಲಿನ ಡಾಕ್ಟರು ಇನ್ನು ಮೆಟ್ಟಲು ಹತ್ತಬೇಡಿ ಎಂದರಲ್ಲ, ಅದೇ ನಿವೃತ್ತಿಯ ಆದೇಶ. ನಾಲ್ಕು ಮಂಚ ಹನ್ನೊಂದಾದ ಕತೆಯನ್ನು ನಾನು ಬರೆಯುವುದಿಲ್ಲ. ಅದರಲ್ಲಿ ಕಲಿಯುವಂಥದ್ದು ಎಂತದೂ ಇಲ್ಲ.

ಜನರು ಇದನ್ನು ಅಡುಗೆಯ ಕೆಲಸ ಎಂದುಕೊಂಡಿದ್ದಾರೆ. ಅಡುಗೆ ಎಲ್ಲಕ್ಕಿಂತ ಸುಲಭದ ಭಾಗ. ಒಡೆದ ಪೈಪು, ಚಾರ್ಜರಿಗಾಗಿ ಜಗಳ, ಗೋಡೆಯ ಹಲ್ಲಿ ನೋಡಿ ಕಿರುಚಿದವಳು, ಇದೆಲ್ಲವನ್ನೂ ಸುಧಾರಿಸಬಹುದು. ನನ್ನ ತಲೆ ತಿಂದದ್ದು ಒಂದೇ ಜಾತಿಯ ಹುಡುಗಿಯರು: ಸೇರಿದ ಕೋರ್ಸು ಬೇಡವೆನಿಸಿ, ಬೇಡ ಎಂದು ಹೇಳಲೂ ಆಗದೆ, ಮಂಚದ ಮೇಲೆ ಅಂಗಾತ ಬಿದ್ದು ಫ್ಯಾನು ನೋಡುವವರು. ವರ್ಷಕ್ಕೆ ಒಬ್ಬಳಾದರೂ ಇರುತ್ತಾಳೆ. ಜ್ವರವಾದರೆ ಗಂಜಿ ಕೊಡಬಹುದು. ಇದಕ್ಕೆ ಎಂತ ಕೊಡುವುದು?

ಈ ಕೆಲಸ ಸುರು ಮಾಡಿದವರು ನನ್ನ ಅತ್ತೆ. ಅವರೇ ನನ್ನ ಮೊದಲ ಮೇಲಧಿಕಾರಿ, ನಂತರದವರು ಫೋನಿನಲ್ಲಿ ಬರುವ ಅಮ್ಮಂದಿರು. ಅತ್ತೆಯ ಕಾನೂನು ಒಂದೇ: ಬೆಳಿಗ್ಗೆ ಎಂಟೂವರೆಯ ನಂತರ ಮಹಡಿಯಲ್ಲಿ ಒಂದು ಜೀವವೂ ಇರಬಾರದು, ನೆಲ ಒರೆಸಲಿಕ್ಕೆ ಉಂಟು. ಒರೆಸಿದ ನೆಲ ಒಣಗುವ ಮೊದಲು ಯಾರಾದರೂ ಕಾಲಿಟ್ಟರೆ ದೇವರ ಕೋಣೆಗೆ ಚಪ್ಪಲಿ ಹಾಕಿ ಹೋದಷ್ಟೇ ಸಿಟ್ಟು ಅವರಿಗೆ. ಹೀಗಾಗಿ ನಮ್ಮಲ್ಲಿ ಕ್ಲಾಸು ತಪ್ಪಿಸಿ ಮಲಗುವ ಹುಡುಗಿಯೇ ಇಲ್ಲ ಎಂದು ಅತ್ತಾವರದಲ್ಲಿ ಹೆಸರಾಯಿತು. ಆ ಹೆಸರಿನ ಮೇಲೆ ನಾನೂ ಕೂತು ಬಹಳ ವರ್ಷ ಮೆರೆದೆ. ಮಹಡಿಯಿಂದ ಇಳಿದವಳು ಕಾಲೇಜಿಗೇ ಹೋಗಿರುತ್ತಾಳೆ ಎಂದು ನಮಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಅತ್ತೆ ಕಲಿಸದ, ನಾನೇ ಕಂಡುಕೊಂಡ ವಿದ್ಯೆ ಒಂದಿತ್ತು. ನಮ್ಮ ಮಹಡಿಯಲ್ಲಿ ಬಚ್ಚಲು ಎರಡು, ಬಿಸಿನೀರಿನ ನಳ್ಳಿ ಒಂದು. ಸೋಲಾರು ಹಾಕಿಸಿದವನು ಪೈಪು ಉಳಿಸಲು ಹೋಗಿ ಬಚ್ಚಲ ಹೊರಗಿನ ಮೂಲೆಯಲ್ಲಿ ನಳ್ಳಿ ಇಟ್ಟು ಹೋಗಿದ್ದ. ಅದಕ್ಕೆ ಹುಡುಗಿಯರೇ ಒಂದು ಕ್ರಮ ಮಾಡಿಕೊಂಡಿದ್ದರು. ಸಂಜೆ ಕಾಲೇಜಿನಿಂದ ಬಂದು ಚಾಕ್ಕೆ ಕೆಳಗೆ ಇಳಿಯುವ ಮೊದಲು ತಮ್ಮ ತಮ್ಮ ಬಕೆಟನ್ನು ಬಚ್ಚಲ ಬಾಗಿಲಿನ ಎದುರು ಸಾಲಾಗಿ ಇಡುವುದು. ಯಾರ ಬಕೆಟ್ ಮೊದಲೋ ಮರುದಿನ ಬೆಳಿಗ್ಗೆ ಅವರ ಸ್ನಾನ ಮೊದಲು. ಬಕೆಟಿನ ಮೇಲೆ ಉಗುರಿನ ಬಣ್ಣದಲ್ಲಿ ಹೆಸರು.

ಆ ಸಾಲು ನೋಡಿದರೆ ಸಾಕು, ಯಾರು ಹೇಗಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಹೊಸತರಲ್ಲಿ ಎಲ್ಲರದ್ದೂ ಮುಂದೆ ಬರಲು ಪೈಪೋಟಿ. ಓದಿನ ಮೇಲೆ ಮನಸ್ಸು ಹೋದವಳ ಬಕೆಟ್ ಮೊದಲು ಮಧ್ಯಕ್ಕೆ, ಆಮೇಲೆ ಕೊನೆಗೆ, ಆಮೇಲೆ ಸಾಲಿಗೇ ಬರುವುದಿಲ್ಲ. ಮಂಚದ ಕೆಳಗೆ ಧೂಳು ಹಿಡಿದುಕೊಂಡು ಕೂರುತ್ತದೆ. ಮಾರ್ಕು ಬೀಳುವುದು ಅದಾಗಿ ಎರಡು ತಿಂಗಳ ಮೇಲೆ. ನಮ್ಮವರು ತಮಾಷೆ ಮಾಡುತ್ತಿದ್ದರು, ನಿನಗೆ ಹುಡುಗಿಯರ ಬಕೆಟ್ ಕಂಡರೆ ಜಾತಕ ಕಂಡ ಹಾಗೆ ಎಂದು.

ಹಾಗೆ ಕಂಡುಹಿಡಿದ ಮೊದಲ ಹುಡುಗಿ ರೇಷ್ಮಾ, ನರ್ಸಿಂಗಿನವಳು. ರಕ್ತ ಕಂಡರೆ ತಲೆ ತಿರುಗುವವಳು ನರ್ಸಿಂಗಿಗೆ ಯಾಕೆ ಸೇರಿದಳು ಎಂದರೆ, ಅವಳ ಚಿಕ್ಕಮ್ಮನ ಮಗಳು ಸೇರಿದ್ದಳಂತೆ. ಬಕೆಟ್ ಹಿಂದೆ ಹೋದ ಕೂಡಲೇ ನಾನು ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಒಂದು ಗಂಟೆ ಬುದ್ಧಿ ಹೇಳಿದೆ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಪ್ರಸಾದ ಕೊಡಿಸಿದೆ. ಅರ್ಧಕ್ಕೆ ಬಿಟ್ಟವರಿಗೆ ದಿಕ್ಕಿಲ್ಲ ಎಂದೆ. ಅವಳು ಒಳ್ಳೆಯ ಹುಡುಗಿ, ನನ್ನ ಮಾತು ಕೇಳಿದಳು. ನಾಲ್ಕು ವರ್ಷ ಪೂರ್ತಿ ಓದಿದಳು, ಸರ್ಟಿಫಿಕೇಟು ತೆಗೆದುಕೊಂಡಳು, ಒಂದೇ ಒಂದು ದಿನ ಕೆಲಸ ಮಾಡಲಿಲ್ಲ. ಈಗ ಬಟ್ಟೆ ಅಂಗಡಿ ಇಟ್ಟಿದ್ದಾಳೆ. ಸಿಕ್ಕಿದಾಗ ಪ್ರೀತಿಯಲ್ಲೇ ಹೇಳುತ್ತಾಳೆ, ನಿಮ್ಮ ದೆಸೆಯಿಂದ ನನ್ನ ಮೂರು ವರ್ಷ ಹೋಯಿತು ಆಂಟಿ ಎಂದು. ನಗುತ್ತಾ ಹೇಳುತ್ತಾಳೆ. ನಾನೂ ನಗುತ್ತೇನೆ. ಮತ್ತೆಂತ ಮಾಡುವುದು.

ಇನ್ನೊಬ್ಬಳು ಐಶ್ವರ್ಯಾ. ಅವಳಿಗೆ ವಾರಕ್ಕೊಂದು ಕೋರ್ಸು. ಸೋಮವಾರ ಫೋಟೋಗ್ರಫಿ, ಮುಂದಿನ ಸೋಮವಾರ ಕಾನೂನು. ಒಮ್ಮೆ ಕೇಕು ಮಾಡುವುದೇ ನನ್ನ ದಾರಿ ಎಂದು ನನ್ನ ದೊಡ್ಡ ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಬೇಯಿಸಿದಳು. ಕೇಕು ತಳ ಹಿಡಿದು ಕುಕ್ಕರು ಹೋಯಿತು. ಈ ಸಲ ನಾನು ಎಷ್ಟು ಜಾಣೆಯಾಗಿದ್ದೆನೆಂದರೆ, ರೇಷ್ಮಾಳಿಗೆ ಹೇಳಿದ್ದರ ಉಲ್ಟಾ ಹೇಳಿದೆ: ಬೇಡವಾದರೆ ಬಿಟ್ಟುಬಿಡು. ಅವಳು ಬಾಯಿ ಬಿಟ್ಟು ನೋಡಿದಳು. ಬಿಡುವುದಾ, ನಾನು ಯಾಕೆ ಬಿಡಲಿ, ಎರಡನೇ ರ‍್ಯಾಂಕಿನಲ್ಲಿದ್ದೇನೆ ಎಂದಳು. ಆ ಹೊತ್ತಿಗೆ ಸರಿಯಾಗಿ ನನ್ನ ಕುಕ್ಕರಿನ ಶೋಕ ನನಗೆ ದೊಡ್ಡದಾಗಿ ಕಂಡಿತು.

ನಡುವೆ ಕಾಲ ಬದಲಾಯಿತು. ಮೊದಲು ಫೋನು ಇದ್ದದ್ದು ನಮ್ಮ ಚಾವಡಿಯಲ್ಲಿ ಒಂದೇ. ಸಂಜೆ ಅಮ್ಮಂದಿರು ಫೋನು ಮಾಡಿದರೆ ಹುಡುಗಿ ಅಳುವುದು, ಸುಳ್ಳು ಹೇಳುವುದು ಎಲ್ಲ ನನ್ನ ಕಿವಿಗೇ ಬೀಳುತ್ತಿತ್ತು. ಆಮೇಲೆ ಕೈಗೊಂದು ಮೊಬೈಲು ಬಂತು, ಹುಡುಗಿಯರು ಟೆರೇಸಿಗೆ ಹೋಗಿ ಮಾತಾಡತೊಡಗಿದರು, ನನಗೆ ಎಂತದೂ ಕೇಳದ ಹಾಗಾಯಿತು. ಇತ್ತೀಚೆಗೆ ಕಾಲೇಜುಗಳು ಹಾಜರಾತಿಯ ಮೆಸೇಜು ತಂದೆತಾಯಿಗೇ ಕಳಿಸುತ್ತವೆ, ಇನ್ನು ಕ್ಲಾಸು ತಪ್ಪಿಸಲಿಕ್ಕೆ ಆಗುವುದಿಲ್ಲ ಎಂದು ಎಲ್ಲರೂ ಹೇಳಿದರು. ಮೆಸೇಜು ಹೋಗುವುದು ಫಾರ್ಮಿನಲ್ಲಿ ಬರೆದ ನಂಬರಿಗೆ. ಫಾರ್ಮು ತುಂಬಿಸುವವರು ಯಾರು? ಹುಡುಗಿಯರೇ. ನಾನು ಹೇಳುವುದು ಇಷ್ಟೇ ಶ್ವೇತಾ, ಮೆಷಿನನ್ನು ನಂಬಿ ಕೂರಬೇಡ.

ನನ್ನನ್ನೂ ನಂಬಿ ಕೂರಬಾರದಿತ್ತು. ಅದನ್ನು ಈಗ ಹೇಳುತ್ತೇನೆ.

ಐದು ವರ್ಷದ ಹಿಂದೆ ಕಾಟಿಪಳ್ಳದಿಂದ ಮುಬೀನಾ ಎಂಬ ಹುಡುಗಿ ಬಂದಳು. ಫಿಸಿಯೋಥೆರಪಿ ಕೋರ್ಸು. ಮೊದಲೆರಡು ವರ್ಷ ದಿನಾ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿ, ಮೂರನೇ ವರ್ಷ ಬೆಳಿಗ್ಗೆ ಬೇಗ ಆಸ್ಪತ್ರೆಯಲ್ಲಿ ಇರಬೇಕೆಂದು ನಮ್ಮಲ್ಲಿಗೆ ಸೇರಿದವಳು. ಅಪ್ಪ ಗಲ್ಫಿನಲ್ಲಿ. ಬಿಡಲು ಬಂದ ಉಮ್ಮ, ಎಂದರೆ ಅವಳ ತಾಯಿ, ಮೊದಲು ಕೇಳಿದ್ದು ಊಟದ್ದಲ್ಲ, ಬೆಳಗ್ಗಿನ ನಮಾಜಿಗೆ ಜಾಗ ಉಂಟಾ ಎಂದು. ನನ್ನ ಮನಸ್ಸಿಗೆ ಅವರು ಆಗಲೇ ಬಂದರು. ಮೂಲೆಯ ಕೋಣೆಯಲ್ಲಿ ಮಂಚ ಸರಿಸಿ ಚಾಪೆಯ ಜಾಗ ಮಾಡಿಕೊಟ್ಟೆ.

ಸುರುವಿನಲ್ಲಿ ಮುಬೀನಾಳ ನೀಲಿ ಬಕೆಟ್ ಯಾವಾಗಲೂ ಸಾಲಿನಲ್ಲಿ ಮೊದಲನೆಯದು. ಬೆಳಕು ಹರಿಯುವ ಮೊದಲೇ ಏಳುವವಳಲ್ಲವೇ. ನಾನು ಕೆಳಗೆ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುವ ಹೊತ್ತಿಗೆ ಮೇಲೆ ನೀರಿನ ಸದ್ದು. ಒಂದೇ ಮನೆಯಲ್ಲಿ ಮೇಲೊಬ್ಬಳು ಕೆಳಗೊಬ್ಬಳು, ಒಬ್ಬರಿಗೊಬ್ಬರು ಕಾಣದೆ ಎದ್ದಿರುವುದು ನನಗೆ ಖುಷಿ ಕೊಡುತ್ತಿತ್ತು. ದೇವರಲ್ಲಿ ದೊಡ್ಡದನ್ನು ಕೇಳುವ ಅಭ್ಯಾಸ ನನಗಿಲ್ಲ. ಸಂಜೆ ದೀಪ ಹಚ್ಚಿ ಆ ದಿನ ಸಿಕ್ಕಿದ ಮೂರು ಸಣ್ಣ ಉಪಕಾರಗಳನ್ನು ಬೆರಳು ಮಡಚಿ ಎಣಿಸಿ ಒಪ್ಪಿಸುತ್ತೇನೆ: ಗ್ಯಾಸು ಮುಗಿಯಲಿಲ್ಲ, ನೀರು ಬಂತು, ಯಾರಿಗೂ ಜ್ವರವಿಲ್ಲ, ಹೀಗೆ. ಆ ವರ್ಷ ಎಷ್ಟೋ ಸಂಜೆ ಮುಬೀನಾಳ ಬಕೆಟ್ ನನ್ನ ಮೂರನೇ ಬೆರಳಾಗಿತ್ತು.

ದಸರಾ ರಜೆ ಮುಗಿಸಿ ಬಂದವಳ ಬಕೆಟ್ ನಾಲ್ಕನೆಯದಾಯಿತು. ಒಂದು ವಾರಕ್ಕೆ ಏಳನೆಯದು. ಆಮೇಲೆ ಹನ್ನೊಂದು. ಬೆಳಗಿನ ನೀರಿನ ಸದ್ದು ನಿಂತಿತು. ಎಂತ ಆಯಿತು ಎಂದು ಕೇಳಿದರೆ ಎಂತದೂ ಇಲ್ಲ ಆಂಟಿ. ಊಟ? ಮಾಡಿದೆ. ಕ್ಲಾಸು? ಉಂಟು. ಮೂರನೇ ಮಾತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಓದುವುದು ಬೇಸರವಾಗಲಿ, ದೇವರು ಎಂತ ಮಾಡಿದ್ದ ಇವಳಿಗೆ?

ಬುದ್ಧಿ ಹೇಳಬಾರದೆಂದು ರೇಷ್ಮಾ ಕಲಿಸಿದ್ದಳು, ಬಿಟ್ಟುಬಿಡು ಎನ್ನಬಾರದೆಂದು ಐಶ್ವರ್ಯಾ. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಕೈಯಿಂದ ಕೆಲಸ ಮಾಡಿದೆ. ಸಂಜೆ ಹುಡುಗಿಯರು ಕೆಳಗೆ ಚಾ ಕುಡಿಯುವಾಗ ಮೇಲೆ ಹೋಗಿ, ಕೊನೆಯಲ್ಲಿದ್ದ ನೀಲಿ ಬಕೆಟನ್ನು ಎತ್ತಿ ಎಲ್ಲರಿಗಿಂತ ಮುಂದೆ ಇಟ್ಟೆ. ಬಕೆಟ್ ಮುಂದಿದ್ದರೆ ಹಿಂದಿನವಳು ಬೆಳಿಗ್ಗೆ ಬಾಗಿಲು ಬಡಿದು ಎಬ್ಬಿಸಲೇಬೇಕು, ಇವಳು ಏಳದೆ ಸಾಲು ಮುಂದೆ ಹೋಗುವುದಿಲ್ಲ. ಎದ್ದ ಮೇಲೆ ಅಭ್ಯಾಸ ತಾನಾಗಿ ಬರುತ್ತದೆ. ನನ್ನ ಲೆಕ್ಕಾಚಾರ ಇದು.

ಪಕ್ಕದ ಕೋಣೆಯ ದೀಕ್ಷಾ ಒಂದು ದಿನ ಹಿಡಿದಳು. "ಆಂಟಿ, ನನ್ನದಲ್ವಾ ಮೊದಲು ಇದ್ದದ್ದು?"

"ಅವಳಿಗೆ ಪ್ರಾರ್ಥನೆ ಉಂಟು ಮಾರಾಯ್ತಿ. ದೇವರ ವಿಷಯದಲ್ಲಿ ಜಗಳ ಮಾಡ್ಬೇಡ," ಎಂದೆ.

ನೋಡಿ, ದೇವರನ್ನು ಕೂಡ ಇದಕ್ಕೆ ಎಳೆದೆ. ಹೀಗೆ ಎರಡೂವರೆ ತಿಂಗಳು ನಡೆಯಿತು. ದೀಕ್ಷಾ ಬೆಳಿಗ್ಗೆ ಬಾಗಿಲು ಬಡಿಯುವುದು, ಮುಬೀನಾ ಏಳುವುದು, ಸ್ನಾನ ಮಾಡಿ ಬಿಳಿ ಕೋಟು ಬ್ಯಾಗಿಗೆ ತುರುಕಿ, ನಾನು ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಎಂಟೂವರೆಯೊಳಗೆ ಹೊರಡುವುದು. ಡಬ್ಬಿ ಸಂಜೆ ಖಾಲಿಯಾಗಿ ಬರುತ್ತಿತ್ತು. ಅವಳ ಉಮ್ಮ ವಾರಕ್ಕೊಮ್ಮೆ ನನಗೆ ಫೋನು ಮಾಡಿ, ಮಗಳು ಏಳುತ್ತಾಳಾ, ಹೋಗುತ್ತಾಳಾ ಎಂದು ಕೇಳುತ್ತಿದ್ದರು. ಬಕೆಟ್ ಎಲ್ಲರಿಗಿಂತ ಮುಂದೆ ಅವಳದ್ದೇ ಎಂದು ನಾನು ಹೇಳುತ್ತಿದ್ದೆ. ಆ ಮಾತಿನಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಉಮ್ಮ ಫೋನಿನಲ್ಲೇ ದೇವರಿಗೆ ಸ್ತುತಿ ಹೇಳಿ ಇಡುತ್ತಿದ್ದರು. ವಿಚಿತ್ರವೆಂದರೆ, ಕೆಲವು ದಿನ ಕಳೆದ ಮೇಲೆ ನಾನೂ ಆ ಸಾಲು ನೋಡಿ ಸಮಾಧಾನ ಪಡತೊಡಗಿದ್ದೆ. ನಾನೇ ಇಟ್ಟ ಬಕೆಟ್ ನೋಡಿ, ಪರವಾಗಿಲ್ಲ, ಹುಡುಗಿ ಸರಿಯಾಗುತ್ತಿದ್ದಾಳೆ ಎಂದುಕೊಂಡು ಬೆರಳು ಮಡಚಿದ್ದೂ ಉಂಟು.

ಆಗಲೇ ನನ್ನ ಮೊಣಕಾಲಿನ ನೋವು ಸುರುವಾಗಿತ್ತು. ಒಂದು ದಿನ ಹತ್ತಿರದ ಆಸ್ಪತ್ರೆಗೆ ಹೋಗಿ ಟೋಕನು ತೆಗೆದುಕೊಂಡೆ. ಹೊರರೋಗಿಗಳು ಕಾಯುವ ದೊಡ್ಡ ಹಾಲಿನಲ್ಲಿ ಕುರ್ಚಿ ಹುಡುಕುವಾಗ, ಗೋಡೆಯ ಬದಿಯ ಸಾಲಿನಲ್ಲಿ, ರೋಗಿಗಳ ಕಡೆಯವರ ನಡುವೆ, ತೊಡೆಯ ಮೇಲೆ ನನ್ನ ಸ್ಟೀಲಿನ ಡಬ್ಬಿ ಇಟ್ಟು ಅಲಸಂಡೆ ಪಲ್ಯ ತಿನ್ನುತ್ತಾ ಮುಬೀನಾ ಕೂತಿದ್ದಳು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಬ್ಯಾಗು ತೆಗೆದು ಪಕ್ಕದ ಕುರ್ಚಿ ಖಾಲಿ ಮಾಡಿದಳು.

"ಎಂತ ಮಾಡ್ತಿದ್ದೀ ಇಲ್ಲಿ?"

"ಊಟ ಮಾಡ್ತಿದ್ದೇನೆ ಆಂಟಿ."

"ಕ್ಲಾಸು?"

ಅವಳು ಮೇಲಕ್ಕೆ ಬೆರಳು ತೋರಿಸಿದಳು. ಮೂರನೇ ಮಾಳಿಗೆಯಲ್ಲಿ ಅವಳ ಬ್ಯಾಚಿನವರು ರೋಗಿಗಳಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಇವಳು ದಸರೆಯಿಂದ ಈಚೆಗೆ ಹತ್ತಿಪ್ಪತ್ತು ದಿನ ಮಾತ್ರ ಮೇಲೆ ಹೋದದ್ದು. ಉಳಿದ ದಿನವೆಲ್ಲ ಈ ಕುರ್ಚಿ. ಇಲ್ಲಿ ಫ್ಯಾನು ಉಂಟು, ಯಾರೂ ಯಾಕೆ ಕೂತಿದ್ದೀ ಎಂದು ಕೇಳುವುದಿಲ್ಲ, ಎಲ್ಲರೂ ಯಾರಿಗೋ ಕಾಯುವವರೇ.

ಯಾರಾದರೂ ಎಂತಾದರೂ ಅಂದರಾ, ಹುಡುಗ ಗಿಡುಗ ಎಂದು ಏನಾದರೂ ಉಂಟಾ ಎಂದು ಮೆಲ್ಲ ಕೇಳಿದೆ.

"ಎಲ್ಲರೂ ಅದನ್ನೇ ಕೇಳುದು," ಎಂದಳು. "ಎಂತದೂ ಆಗ್ಲಿಲ್ಲ ಆಂಟಿ. ಎಂತಾದ್ರೂ ಆಗಿದ್ರೆ ಹೇಳ್ಲಿಕ್ಕೆ ಸುಲಭ ಇತ್ತು. ಒಬ್ಬರು ಅಜ್ಜ ಇದ್ರು, ಲಕ್ವ ಹೊಡೆದದ್ದು. ಕೈ ಎತ್ತಿ ಅಜ್ಜ, ಕೈ ಎತ್ತಿ ಅಜ್ಜ ಅಂತ ಒಂದು ತಿಂಗಳು ಹೇಳಿದೆ. ಅಷ್ಟೇ ಎತ್ತುದು, ಇಷ್ಟು. ಅವರಿಗೂ ಬೇಡ, ನನಗೂ ಬೇಡ, ಇಬ್ಬರೂ ಸುಮ್ಮನೆ ಮಾಡುದು. ಒಂದು ದಿನ ಲಿಫ್ಟಿನ ಹತ್ರ ಹೋಗಿ ವಾಪಸ್ ಬಂದೆ."

"ಹಾಗಾದ್ರೆ ಬೇರೆ ಎಂತ ಓದ್ಬೇಕು ನಿನಗೆ?"

"ಅದು ಗೊತ್ತಿದ್ರೆ ಇಲ್ಲಿ ಯಾಕೆ ಕೂರ್ತಿದ್ದೆ?"

ನನಗೆ ಎರಡು ಬಾರಿಸುವ ಅನಿಸಿತು, ಸುಳ್ಳು ಯಾಕೆ ಹೇಳಲಿ. ಬೇಕು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. ಹಟ ಮಾಡುವವರ ಹತ್ತಿರ ಜಗಳವಾದರೂ ಆಡಬಹುದು. ನಮಾಜು ಯಾಕೆ ಬಿಟ್ಟೆ ಎಂದು ಕೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಎಂತ ಕೇಳುದು ಅಂತ ಗೊತ್ತಾಗುದಿಲ್ಲ. ಪಾಸ್ ಮಾಡಿಸು ಅಂತ ಕೇಳಿದ್ರೆ ದೇವರ ಹತ್ರ ಸುಳ್ಳು ಹೇಳಿದ ಹಾಗೆ." ಡಬ್ಬಿಯನ್ನು ಬ್ಯಾಗಿಗೆ ಹಾಕುತ್ತಾ ಹೇಳಿದಳು, "ನೀವು ಬಕೆಟ್ ಮುಂದೆ ಇಡುದು ನನಗೆ ಗೊತ್ತುಂಟು ಆಂಟಿ."

"ಗೊತ್ತಿದ್ದೂ ಸುಮ್ಮನೆ ಇದ್ದೀಯಾ?"

"ನೀವು ಅಷ್ಟು ಮಾಡುವಾಗ ಹೇಗೆ ಮಲಗುದು? ಎದ್ದು ಹೊರಡ್ತೇನೆ. ಹೊರಟ ಮೇಲೆ ಎಲ್ಲಿಗೆ ಹೋಗುದು ಅಂತ ಬಕೆಟ್ ಹೇಳುದಿಲ್ಲ ಅಲ್ವಾ."

ಅಷ್ಟರಲ್ಲಿ ನನ್ನ ಟೋಕನು ಕೂಗಿದರು. ಡಾಕ್ಟರು ಮೊಣಕಾಲು ಒತ್ತಿ ನೋಡಿ, ಹತ್ತು ದಿನ ಫಿಸಿಯೋಥೆರಪಿ, ಮೂರನೇ ಮಾಳಿಗೆ ಎಂದು ಬರೆದುಕೊಟ್ಟರು. ದೇವರಿಗೆ ಒಮ್ಮೊಮ್ಮೆ ತಮಾಷೆ ಹೆಚ್ಚಾಗುತ್ತದೆ. ಮುಬೀನಾ ನನ್ನ ಕೈ ಹಿಡಿದು ಲಿಫ್ಟಿನವರೆಗೆ ಬಂದಳು, ಗುಂಡಿ ಒತ್ತಿದಳು, ಹಿಂದೆ ಸರಿದಳು. ನಾನೊಬ್ಬಳೇ ಮೇಲೆ ಹೋದೆ. ಅಲ್ಲಿ ನನ್ನ ಕಾಲು ಎತ್ತಿಸಿದ ಹುಡುಗಿ ವಿಳಾಸ ನೋಡಿ, ಮುಬೀನಾ ಇರುವ ಮನೆಯಲ್ವಾ, ಅವಳ ಟೈಫಾಯಿಡು ಕಡಿಮೆಯಾಯಿತಾ ಎಂದು ಕೇಳಿದಳು. ಹಾಜರಾತಿ ಕಡಿಮೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಬಂದಿದೆಯಂತೆ, ಈ ಸಲ ಪರೀಕ್ಷೆಗೆ ಕೂರಲು ಬಿಡುವುದಿಲ್ಲವಂತೆ. ಕಾಲೇಜಿನ ಮೆಸೇಜುಗಳೆಲ್ಲ ಮುಬೀನಾಳ ಸ್ವಂತ ನಂಬರಿಗೇ ಹೋಗಿ ಬಿದ್ದಿದ್ದವು.

ಮರುದಿನ ಉಮ್ಮನನ್ನು ಕರೆಸಿದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು. ನೀರು ಕೊಟ್ಟು, ಚಾವಡಿಯಲ್ಲಿ ಕೂರಿಸಿ, ಮುಬೀನಾಳ ಎದುರಿಗೇ ಎಲ್ಲ ಹೇಳಿದೆ. ಅವರು ಮಗಳನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಬಕೆಟ್ ಮುಂದೆ ಉಂಟು ಅಂತ ಹೇಳಿದ್ರಿ ಅಲ್ವಾ ಅಕ್ಕ."

"ಮುಂದೆ ಇತ್ತು. ನಾನು ಇಡ್ತಿದ್ದದ್ದು."

ಅವರು ನೀರಿನ ಲೋಟ ಕೆಳಗಿಟ್ಟರು. "ನಾನು ಐದನೇ ಕ್ಲಾಸಿಗೆ ಬಿಟ್ಟವಳು. ಮೆಸೇಜು ಗಿಸೇಜು ನನಗೆ ಓದ್ಲಿಕ್ಕೆ ಆಗುದಿಲ್ಲ," ಎಂದರು. "ನಿಮ್ಮ ಬಾಯಿಯ ಮಾತೇ ನನಗೆ ಮೆಸೇಜು."

ಇಪ್ಪತ್ತಮೂರು ವರ್ಷದಲ್ಲಿ ನನಗೆ ಯಾರೂ ಹಾಗೆ ಹೊಡೆದಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಹೇಳುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ನಾನೂ ಅದನ್ನೇ ಮಾಡಿದ್ದು ಎಂದರು. ಮುಬೀನಾ ಸಣ್ಣವಳಿರುವಾಗ ರಂಜಾನಿನಲ್ಲಿ ಮಗಳು ಉಪವಾಸ ಹಿಡಿದಿದ್ದಾಳೆ ಎಂದು ಗಲ್ಫಿನ ಗಂಡನಿಗೆ ಫೋನಿನಲ್ಲಿ ಹೇಳುತ್ತಿದ್ದರಂತೆ. ಇವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಿಸ್ಕತ್ತು ತಿನ್ನುತ್ತಿದ್ದಳಂತೆ. ಅವಳ ಬಾಪನಿಗೆ ಖುಷಿಯಾಗಲಿ ಎಂದು ಹೇಳಿದ್ದು, ಆಮೇಲೆ ನನಗೂ ಅದು ನಿಜವೆಂದೇ ಅನಿಸಿತು ಎಂದರು. ಮುಬೀನಾ ಮೊದಲ ಸಲ ತಲೆ ಎತ್ತಿದಳು. ಉಮ್ಮ ಹಾಗೆ ಹೇಳುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಮೂವರೂ ಕಾಲೇಜಿಗೆ ಹೋದೆವು. ವಿಭಾಗದ ಮೇಡಮ್ ಖಡಾಖಂಡಿತ ಹೆಂಗಸು. ಈ ಸಲದ ಪರೀಕ್ಷೆ ಹೋಯಿತು, ಇನ್ನು ಅದರ ಮಾತು ಬೇಡ. ನಾಲ್ಕು ತಿಂಗಳ ನಂತರ ಕಿರಿಯರ ಬ್ಯಾಚಿನ ಜೊತೆ ಮತ್ತೆ ಮೂರನೇ ವರ್ಷಕ್ಕೆ ಕೂರಬಹುದು, ಇಲ್ಲವಾದರೆ ಬಿಟ್ಟು ಹೋಗಬಹುದು. ಆದರೆ ಅರ್ಜಿ ಅವಳೇ ಬರೆಯಬೇಕು, ಅವಳೇ ತರಬೇಕು. ಅಮ್ಮ, ಆಂಟಿ ಯಾರೂ ಜೊತೆಯಲ್ಲಿ ಬರಬಾರದು. ಅರ್ಜಿಯ ಕೊನೆಯ ದಿನ ಮೀರಿದರೆ ಸೀಟು ಹೋಯಿತು.

ಹೊರಗೆ ಬಂದು ಉಮ್ಮ ಮೆಟ್ಟಲ ಮೇಲೆಯೇ ನಿಂತರು. "ಓದ್ತೀಯಾ ಇಲ್ವಾ? ಹೌದು ಅನ್ನು, ಅಲ್ಲ ಅನ್ನು."

"ಗೊತ್ತಿಲ್ಲ ಉಮ್ಮ."

"ಗೊತ್ತಾಗ್ಲಿಕ್ಕೆ ನಾಲ್ಕು ತಿಂಗಳು ಸಾಕಾ?" ದರ್ಜಿಯ ಹತ್ತಿರ ರವಿಕೆ ಯಾವಾಗ ಆಗುತ್ತದೆ ಎಂದು ಕೇಳಿದ ಹಾಗೆ ಕೇಳಿದರು. ಅವರು ನನ್ನ ಕಡೆ ತಿರುಗಿದರು. ಕಾಟಿಪಳ್ಳಕ್ಕೆ ಕರೆದುಕೊಂಡು ಹೋದರೆ ಓಣಿಯವರ ಬಾಯಿಗೆ ದಿನಾ ಉತ್ತರ ಕೊಡಬೇಕು, ಅದರಲ್ಲಿ ಇವಳಿಗೆ ತನ್ನ ಉತ್ತರ ಸಿಗುವುದಿಲ್ಲ, ನಿಮ್ಮಲ್ಲೇ ಇರಲಿ ಎಂದರು. ಬಸ್ಸು ಹತ್ತುವ ಮೊದಲು ನನ್ನ ಕೈ ಹಿಡಿದರು.

"ಆದ್ರೆ ಅಕ್ಕ, ಬಕೆಟ್ ಮುಟ್ಬೇಡಿ."

ಆ ಸಂಜೆ ದೀಪದ ಎದುರು ಮಾತು ಕೊಟ್ಟೆ, ಮುಟ್ಟುವುದಿಲ್ಲ ಎಂದು. ಕೊಡುವಾಗ ಅದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಎಂಟೂವರೆಗೆ ಎಲ್ಲರೂ ಹೋದ ಮೇಲೆ ಮಹಡಿಯಲ್ಲಿ ಒಬ್ಬಳು ಮಲಗಿದ್ದಾಳೆ. ಅವಳ ಮಂಚದ ಸುತ್ತ ನಾನು ನೆಲ ಒರೆಸುತ್ತಿದ್ದೇನೆ. ಗೋಡೆಯ ಫೋಟೋದಿಂದ ಅತ್ತೆ ನೋಡುತ್ತಿದ್ದಾರೆ ಅನಿಸುತ್ತಿತ್ತು. ಮುಬೀನಾ ಬಕೆಟನ್ನು ಟೆರೇಸಿಗೆ ಒಯ್ದು ಬಟ್ಟೆಯ ಕ್ಲಿಪ್ಪು ಹಾಕಿ ಇಟ್ಟುಬಿಟ್ಟಿದ್ದಳು. ನಾನು ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅದರಿಂದಲೇ ಕ್ಲಿಪ್ಪು ತೆಗೆಯಬೇಕು. ಬೀನ್ಸು ಹೆಚ್ಚಲು ಕೊಟ್ಟರೆ ಒಂದು ತುಂಡು ಬೆರಳುದ್ದ, ಇನ್ನೊಂದು ಅಕ್ಕಿಯಷ್ಟು. ಒಂದು ತಿಂಗಳಾಯಿತು, ಎರಡಾಯಿತು. ಕೇಳಬಾರದು, ಹೇಳಬಾರದು, ಎತ್ತಿಡಬಾರದು. ಅಡುಗೆಮನೆಯ ಪಾತ್ರೆಗಳಿಗೆ ಆಗ ನನ್ನಿಂದ ಬಹಳ ಪೆಟ್ಟು ಬಿತ್ತು.

ಮೂರನೇ ತಿಂಗಳಲ್ಲಿ ನಾನು ಚಾಪೆಯ ಮೇಲೆ ಮೊಣಕಾಲಿನ ವ್ಯಾಯಾಮ ಮಾಡುವಾಗ ಅವಳು ಬಾಗಿಲಲ್ಲಿ ನಿಂತು ನೋಡಿ, ತಡೆಯಲಾಗದೆ ಬಂದು ಕಾಲು ಹಿಡಿದಳು. "ಹಾಗಲ್ಲ ಆಂಟಿ, ಹೀಗೆ ಮಾಡಿದ್ರೆ ಇದ್ದದ್ದೂ ಹೋಗ್ತದೆ. ಪಾದ ಮೇಲೆ ಮಾಡಿ." ಅವಳ ಕೈ ಸರಿಯಾದ ಜಾಗಕ್ಕೇ ಹೋಯಿತು. ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ನೋಡಿದೆಯಾ, ನಿನ್ನ ಕೈಯಲ್ಲೇ ವಿದ್ಯೆ ಉಂಟು ಎಂದುಬಿಟ್ಟೆ. ಅವಳು ಕಾಲು ಕೆಳಗಿಟ್ಟು ಮಹಡಿ ಹತ್ತಿದಳು. ಒಂದು ವಾರ ನನ್ನ ಹತ್ತಿರ ಸುಳಿಯಲಿಲ್ಲ. ನಮ್ಮವರು ಪೇಪರಿನಿಂದ ತಲೆ ಎತ್ತದೆ ಹೇಳಿದರು, ಮಾತು ಕೊಟ್ಟದ್ದು ಕೈಗೆ ಮಾತ್ರವಾ, ಬಾಯಿಗೆ ಇಲ್ಲವಾ ಎಂದು.

ಮೊನ್ನೆ ಮುಬೀನಾ ಮನೆಗೆ ಬಂದಿದ್ದಳು. ಓದು ಮುಗಿಸಿ ಸುರತ್ಕಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ನನ್ನ ಕಾಲು ನೋಡಲಿಕ್ಕೆಂದೇ ಬಂದದ್ದು. ಈಗಲಾದರೂ ಕೇಳಬಹುದಲ್ಲ ಎಂದು ಕೇಳಿದೆ, ಈ ಕೋರ್ಸು ನಿನಗೆ ಸರಿಯಾಯಿತಾ ಎಂದು. ಕೆಲವು ದಿನ ಹೌದು, ಕೆಲವು ದಿನ ಬಸ್ ಹತ್ತುವಾಗಲೇ ಬೇಡ ಅನಿಸುತ್ತದೆ ಆಂಟಿ ಎಂದಳು. ನಿಮಗೆ ಅಡುಗೆಯ ಕೆಲಸ ಸರಿಯಾಯಿತಾ ಎಂದು ತಿರುಗಿ ಕೇಳಿದಳು. ನನ್ನ ಹತ್ತಿರ ಅದನ್ನು ಯಾರೂ ಕೇಳಿದ್ದೇ ಇಲ್ಲ. ನಾನು ಚಾ ಇಡಲು ಎದ್ದೆ.

ಶ್ವೇತಾಳ ಕೋಣೆಗಳಲ್ಲಿ ಒಂದೊಂದಕ್ಕೂ ಬಚ್ಚಲು, ಒಂದೊಂದಕ್ಕೂ ಗೀಸರು. ಸಾಲು ಇಲ್ಲ, ಬಕೆಟಿಗೆ ಹೆಸರು ಬರೆಯುವ ಅಗತ್ಯ ಇಲ್ಲ. ಅವಳಿಗೆ ನೋಡಲು ಬೇರೆ ಎಂತಾದರೂ ಸಿಗುತ್ತದೆ: ಚಪ್ಪಲಿಯೋ, ಒಣಗಿಸಿದ ಬಿಳಿ ಕೋಟೋ. ಸಿಕ್ಕಿದ ಮೇಲೆ ಮತ್ತಿನದ್ದು ಅವಳ ಕೈಯ ವಿಷಯ.

ಆ ವರ್ಷ ನಾಲ್ಕನೇ ತಿಂಗಳಲ್ಲಿ, ಮುಬೀನಾ ಅರ್ಜಿ ಕೊಡಲು ಕೊನೆಯ ದಿನಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಸಂಜೆ ಟೆರೇಸಿಗೆ ಹೋಗಿ ಬಟ್ಟೆ ತೆಗೆಯುವಾಗ ಕ್ಲಿಪ್ಪುಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂತಿಗೆ ತೂಗುತ್ತಿದ್ದವು. ಬಕೆಟ್ ಇರಲಿಲ್ಲ. ಒಡೆದುಹೋಯಿತೋ, ಬಿಸಾಡಿದಳೋ, ಗಂಟು ಕಟ್ಟಿ ಊರಿಗೆ ಹೊರಟಳೋ ಎಂದು ಬಟ್ಟೆಯ ರಾಶಿ ತೋಳಿನಲ್ಲಿ ಹಿಡಿದು ಕುಂಟುತ್ತಾ ಮೆಟ್ಟಲಿಳಿದೆ. ಬಚ್ಚಲ ಬಾಗಿಲಿನ ಎದುರು ಸಾಲು ಇತ್ತು. ದೀಕ್ಷಾಳ ಕೆಂಪು, ಆಮೇಲೆ ಎರಡು ಹಸುರು, ಅದರ ಹಿಂದೆ ನೀಲಿ. ಎರಡನೇ ಬಕೆಟಿಗೂ ಮೂರನೆಯದಕ್ಕೂ ನಡುವೆ ಒಂದು ಬಕೆಟ್ ಹಿಡಿಯುವಷ್ಟು ಜಾಗ ಬೇರೆ ಇತ್ತು. ಸ್ವಲ್ಪ ಕಾಲಿನಿಂದ ತಳ್ಳಿದ್ದರೂ ಸಾಕಿತ್ತು.

ಕೆಳಗೆ ಬಂದು ಬಟ್ಟೆ ಇಟ್ಟು, ಕೈಕಾಲು ತೊಳೆದು, ದೀಪ ಹಚ್ಚಿದೆ. ಬೆರಳು ಮಡಚಿದೆ. ನೀರು ಬಂತು. ಮೊಣಕಾಲು ಮೆಟ್ಟಲು ಇಳಿಯಿತು. ಬಕೆಟ್ ನಾಲ್ಕನೆಯದು, ನಾನು ಇಟ್ಟದ್ದಲ್ಲ.